ಸೂಜಿ ನರದ ಉದ್ದಕ್ಕೆ ಮಲಗಬೇಕು: ಸೊಂಟದ ಫ್ಯಾಸೆಟ್ ಆರ್‌ಎಫ್, ನನ್ನ ಅನುಭವ

ಫ್ಯಾಸೆಟ್ ಎಂದರೆ ಬೆನ್ನೆಲುಬಿನ ಹಿಂಬದಿಯ ಸಣ್ಣ ಕೀಲು. ಅದರ ನೋವು ಒಯ್ಯುವ ನರವನ್ನು ರೇಡಿಯೋ ತರಂಗದ ಕಾವಿನಿಂದ ಸುಡುವುದೇ ಆರ್‌ಎಫ್. ಇದನ್ನು ಶುರು ಮಾಡಿದಾಗ ‘ಆರು ವಾರ ಕಳೆದರೆ ನೋವು ವಾಪಸ್’ ಎಂದವರೇ ಹೆಚ್ಚು. ವ್ಯಾಯಾಮಕ್ಕೆ ಆರ್‌ಎಫ್ ಸೇರಿಸಿದರೂ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದ 2017ರ ನೆದರ್ಲೆಂಡ್ಸ್ ಅಧ್ಯಯನವನ್ನೂ ಮುಂದಿಡುತ್ತಿದ್ದರು. ಅಲ್ಲಿ ರೋಗಿಯನ್ನು ಆರಿಸಲು ಒಂದೇ ಬ್ಲಾಕ್ (ನರವನ್ನು ಮರಗಟ್ಟಿಸಿ ನೋವಿನ ಮೂಲ ಪರೀಕ್ಷಿಸುವ ಚುಚ್ಚುಮದ್ದು), ಅರ್ಧ ನೋವು ಇಳಿದರೆ ಸಾಕಿತ್ತು. ನಾನು ಬೇರೆ ಬೇರೆ ದಿನ ಎರಡು ಬ್ಲಾಕ್ ಮಾಡುತ್ತೇನೆ. ಎರಡರಲ್ಲೂ 80% ಇಳಿಯಬೇಕು. ಹೀಗೆ ಆರಿಸಿದವರಲ್ಲಿ ಬಹುಪಾಲು ಜನ ಆರು ತಿಂಗಳಿಂದ ವರ್ಷದವರೆಗೆ ಆರಾಮಾಗಿದ್ದಾರೆ.

ಬ್ಲಾಕ್ ಕೆಡುವುದು ಔಷಧ ಹೆಚ್ಚಾಗಿ. ನರಕ್ಕೆ 0.5 ಮಿಲಿ ಮೀರಬಾರದು. 2 ಮಿಲಿ ಬಿಟ್ಟರೆ ಅದು ನರದ ಬೇರಿನವರೆಗೂ ಹರಿಯಬಹುದು. ಕಾಲು ಜೋಮು ಹಿಡಿದರೆ ಆ ಬ್ಲಾಕ್ ಲೆಕ್ಕಕ್ಕಿಲ್ಲ. ಮೊದಲು 0.2 ಮಿಲಿ ಕಾಂಟ್ರಾಸ್ಟ್ (ಎಕ್ಸ್‌-ರೇಯಲ್ಲಿ ಕಾಣುವ ದ್ರವ) ಬಿಟ್ಟು ನೋಡಿ, ರಕ್ತನಾಳಕ್ಕೆ ಹೋದರೆ ಸೂಜಿ ಸರಿಸಿ. ನಿದ್ದೆಯ ಔಷಧ ಬೇಡವೇ ಬೇಡ. ಅರ್ಧ ಗಂಟೆ ಬಿಟ್ಟು, ನೋವು ಬರುವ ಕೆಲಸವನ್ನೇ ಮಾಡಿಸಿ: ನಾಟಿ ಮಾಡುವವರಾದರೆ ಬಾಗಿ ನಿಧಾನ ಸೆಟೆದು ನಿಲ್ಲಲಿ.

ಆರ್‌ಎಫ್ ಸೋಲಲು ಮುಖ್ಯ ಕಾರಣ ಸೂಜಿಯನ್ನು ನರಕ್ಕೆ ಅಡ್ಡಲಾಗಿ ಚುಚ್ಚುವುದು. ನರ ನಿಜವಾಗಿ ಎಲ್ಲಿ ಹಾಯುತ್ತದೆ ಎಂದು ಅಂಗರಚನಾ ತಜ್ಞ ನಿಕೊಲಾಯ್ ಬೊಗ್ಡುಕ್ 1979ರಲ್ಲೇ ತೋರಿಸಿದ್ದರು. ಸೂಜಿಯ ತುದಿಯ ಮುಂದೆ ಹೆಚ್ಚೇನೂ ಸುಡುವುದಿಲ್ಲ, ಸುಡುವುದು ಪಕ್ಕಗಳಲ್ಲಿ. ನಂಬದವರು ಮೊಟ್ಟೆ ತನ್ನಿ. ಸ್ಟೀಲ್ ಬಟ್ಟಲಿನ ತಳಕ್ಕೆ ಗ್ರೌಂಡ್ ಪ್ಲೇಟ್ (ಕರೆಂಟ್ ವಾಪಸ್ ಹೋಗುವ ಪಟ್ಟಿ) ಅಂಟಿಸಿ, ಮೊಟ್ಟೆಯ ಬಿಳಿಭಾಗ ಸುರಿದು, ಸೂಜಿಯ ಇನ್ಸುಲೇಶನ್ ಇಲ್ಲದ 10 ಮಿಮೀ ತುದಿ ಮುಳುಗಿಸಿ, 80 ಡಿಗ್ರಿ, 90 ಸೆಕೆಂಡ್ ಕೊಡಿ. ತುದಿಯ ಸುತ್ತ ಬಿಳಿ ಗೆಡ್ಡೆ ಕಟ್ಟುತ್ತದೆ, ಮೊನೆಯ ಮುಂದೆ ಬಹುತೇಕ ನೀರಾಗೇ ಉಳಿಯುತ್ತದೆ. ಹಳೆಯ ಕ್ಯಾನುಲಾದ (ಆರ್‌ಎಫ್ ಸೂಜಿಯ) ಇನ್ಸುಲೇಶನ್ ಬಿರುಕು ಬಿಟ್ಟಿದ್ದರೆ ಮೇಲೆಲ್ಲೋ ಇನ್ನೊಂದು ಗೆಡ್ಡೆ ಕಾಣುತ್ತದೆ. ರೋಗಿಯ ಚರ್ಮ ಸುಡುವುದು ಅಲ್ಲಿಯೇ.

ಹಾಗಾಗಿ ಸೂಜಿ ನರದ ಉದ್ದಕ್ಕೆ ಮಲಗುವಂತೆ ಒಂದು ಕಶೇರು ಕೆಳಗಿನಿಂದ ಹೊರಡಿ. ಸಿ-ಆರ್ಮನ್ನು (ಎಕ್ಸ್‌-ರೇ ಯಂತ್ರ) ಸುಮಾರು 15–20 ಡಿಗ್ರಿ ಪಕ್ಕಕ್ಕೂ, ಕಾಲಿನ ಕಡೆಗೂ ಓರೆ ಮಾಡಿ, ಟ್ರಾನ್ಸ್‌ವರ್ಸ್ ಪ್ರೊಸೆಸ್ (ಕಶೇರುವಿನ ಪಕ್ಕದ ಚಾಚು) ಮತ್ತು ಅದೇ ಕಶೇರುವಿನ ಮೇಲ್ಮುಖ ಫ್ಯಾಸೆಟ್ ಚಾಚಿನ ಕುತ್ತಿಗೆ ಸೇರುವ ಮೂಲೆಗೆ ತುದಿ ಒರಗಿಸಿ. ಬಾಗಿದ ತುದಿಯನ್ನು ಎಲುಬಿಗೆ ಅಪ್ಪಿಸಲು ನನ್ನದೊಂದು ಕೈಚಳಕವಿದೆ, ಬರೆದು ತಿಳಿಸಲಾಗದು. ಟೇಬಲ್ ಪಕ್ಕ ನಿಂತವರಿಗೆ ತೋರಿಸುತ್ತೇನೆ. ಲ್ಯಾಟರಲ್‌ನಲ್ಲಿ (ಪಕ್ಕದಿಂದ ತೆಗೆದ ಚಿತ್ರದಲ್ಲಿ) ತುದಿ ಫೊರಾಮೆನ್‌ನ (ನರದ ಬೇರು ಹೊರಬರುವ ಕಿಂಡಿಯ) ಹಿಂದಿನ ಗೆರೆ ದಾಟಬಾರದು. ಸುಡುವ ಮುನ್ನ 2 ಹರ್ಟ್ಸ್ ಪರೀಕ್ಷಾ ಕರೆಂಟ್ ಕೊಟ್ಟಾಗ ಬೆನ್ನಿನ ಸ್ನಾಯು ಮಾತ್ರ ಮಿಡಿಯಬೇಕು. ಕಾಲು ಅಲುಗಿದರೆ ಸುಡಬೇಡಿ. ಗ್ರೌಂಡ್ ಪ್ಲೇಟ್ ತೊಡೆಗೆ ಪೂರ್ತಿ ಅಂಟಿರಲಿ, ಕೂದಲಿದ್ದರೆ ಮೊದಲು ತೆಗೆಸಿ.

42 ಡಿಗ್ರಿಯ ಪಲ್ಸ್ಡ್ ಆರ್‌ಎಫ್ (ನರ ಸುಡದೆ ಕರೆಂಟನ್ನು ಬಿಟ್ಟುಬಿಟ್ಟು ಕೊಡುವ ಬಗೆ) ಕೂಡ ಪ್ರಯತ್ನಿಸಿದೆ. ಫ್ಯಾಸೆಟ್‌ಗೆ ಅದು ಬಾಳಿಕೆ ಬರಲಿಲ್ಲ, ಬಿಟ್ಟೆ.

ಹಣದ ಮಾತು. ಕರೆಂಟ್ ಕೊಡುವ ಜನರೇಟರ್‌ಗೆ ಲಕ್ಷಗಟ್ಟಲೆ, ಕ್ಯಾನುಲಾಗೆ ಸಾವಿರಗಟ್ಟಲೆ. ಕೆಳಗಿನ ಎರಡು ಕೀಲಿಗೆ ಒಂದು ಬದಿಯಲ್ಲಿ ಮೂರು ನರ. ಒಂದೇ ಕ್ಯಾನುಲಾ ಸರಿಸುತ್ತ ಹೋದರೆ ರೋಗಿಗೆ ಎರಡರ ದುಡ್ಡು ಉಳಿಯುತ್ತದೆ, ನಮಗೆ ಹತ್ತಿಪ್ಪತ್ತು ನಿಮಿಷ ಹೆಚ್ಚು. ಮೊದಲ ಒಂದೆರಡು ವಾರ ನೋವು ಕೆರಳಬಹುದು, ಇದನ್ನು ಮುಂಚೆಯೇ ಹೇಳಿಡಿ. ನರ ಮತ್ತೆ ಬೆಳೆಯುತ್ತದೆ, ನೋವೂ ಮರಳುತ್ತದೆ. ಅದೇ ಜಾಗ, ಅದೇ ಬಗೆಯ ನೋವಾದರೆ ನಾನು ಬ್ಲಾಕ್ ಖರ್ಚು ಹಾಕದೆ ನೇರ ಆರ್‌ಎಫ್ ಮಾಡುತ್ತೇನೆ.