ಕಟ್ಟಡದಿಂದ ಬೇಸ್ ಜಂಪ್: ಮೊದಲು ಮಾಲೀಕರು, ಆಮೇಲೆ ಪ್ರಾಯೋಜಕರು

ವಿಮಾನದಿಂದಲ್ಲದೆ ಕಟ್ಟಡ, ಸೇತುವೆ, ಬಂಡೆಯಂಥ ನಿಂತ ಜಾಗದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವುದೇ ಬೇಸ್ ಜಂಪ್. 1999ರಲ್ಲಿ ಆಸ್ಟ್ರಿಯಾದ ಜಿಗಿತಗಾರ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಕೌಲಾಲಂಪುರದ ಪೆಟ್ರೊನಾಸ್ ಅವಳಿ ಗೋಪುರದಿಂದ ಕದ್ದು ಜಿಗಿದರು. ಅದೇ ಊರಿನ 421 ಮೀಟರಿನ ಕೆಎಲ್ ಟವರ್ ಮಾತ್ರ ಬೇಸ್ ಜಂಪಿಂಗ್‌ಗೆಂದೇ ಅಂತರರಾಷ್ಟ್ರೀಯ ಕೂಟ ನಡೆಸಿಕೊಂಡು ಬಂದಿದೆ. ಸುಮಾರು 300 ಮೀಟರ್ ಎತ್ತರದ ತೆರೆದ ಅಟ್ಟಣಿಗೆಯಿಂದ ಹಗಲು ಹೊತ್ತಿನಲ್ಲೇ, ಜನ ನೋಡುತ್ತಿರುವಾಗಲೇ ಜಿಗಿಯಬಹುದು. ಹೊಸಬರು ಸ್ವಂತ ಕಟ್ಟಡ ಹುಡುಕುವ ಬದಲು ಇಂಥ ಕೂಟಕ್ಕೆ ಅರ್ಜಿ ಹಾಕುವುದೇ ಜಾಣತನ.

ಅರ್ಜಿಯ ಜೀವಾಳ ಲಾಗ್‌ಬುಕ್, ಅಂದರೆ ನೀವು ಈವರೆಗೆ ಜಿಗಿದ ಜಿಗಿತಗಳ ದಾಖಲೆ ಪುಸ್ತಕ. ವಿಮಾನದಿಂದ 200 ಜಿಗಿತಗಳಾಗದೆ ಬೇಸ್ ತರಬೇತಿಗೆ ಹೋಗಬೇಡಿ ಎನ್ನುವುದು ಈ ವಲಯದ ರೂಢಿಯ ಮಾತು. ಮೊದಲ ಪಾಠ ಸೇತುವೆಯಿಂದ: ಅಮೆರಿಕದ ಐಡಹೊದ ಪೆರೀನ್ ಸೇತುವೆಯಲ್ಲಿ (148 ಮೀಟರ್) ವರ್ಷವಿಡೀ ಪರವಾನಗಿಯಿಲ್ಲದೆ ಜಿಗಿಯಬಹುದು. ಕೆಳಗೆ ನದಿ, ಹಿಂದೆ ಗೋಡೆಯಿಲ್ಲ. ಕಟ್ಟಡದಲ್ಲಿ ಆ ಗೋಡೆಯೇ ಶತ್ರು. ಪ್ಯಾರಾಶೂಟ್ ತಿರುಗಿ ಬಿಚ್ಚಿಕೊಂಡರೆ ಮುಖ ನೇರ ಗಾಜಿನ ಕಡೆಗಿರುತ್ತದೆ. ರೈಸರ್ (ಪ್ಯಾರಾಶೂಟಿನ ದಾರಗಳನ್ನು ಮೈಪಟ್ಟಿಗೆ ಜೋಡಿಸುವ ಪಟ್ಟಿ) ಎಳೆದು ತಿರುಗಿಸಿಕೊಳ್ಳಲು ಸಿಗುವುದು ಒಂದೆರಡು ಸೆಕೆಂಡು. ಬೇಸ್ ಚೀಲದಲ್ಲಿರುವುದು ಒಂದೇ ಪ್ಯಾರಾಶೂಟ್, ಎರಡನೆಯದನ್ನು ಬಿಚ್ಚಲು ಎತ್ತರವೇ ಸಾಲುವುದಿಲ್ಲ. ಮೂರು ಸೆಕೆಂಡಿನಲ್ಲೇ 40 ಮೀಟರಿಗೂ ಹೆಚ್ಚು ಕೆಳಗೆ ಹೋಗಿರುತ್ತೀರಿ.

ಇಷ್ಟಾದ ಮೇಲೂ ನಿಮ್ಮದೇ ಕಟ್ಟಡ ಬೇಕೆಂದರೆ ಮೇಲೆ ನೋಡಬೇಡಿ, ಕೆಳಗೆ ನೋಡಿ. ಇಳಿಯುವ ಜಾಗ ಯಾರದು, ದೀಪದ ಕಂಬ, ತಂತಿ, ಮರ ಎಲ್ಲಿವೆ, ಗುರುತು ಹಾಕಿ. ನಂತರ ಲೇಸರ್ ಮೀಟರಿನಿಂದ ಎತ್ತರ ಅಳೆದು, ಕೆಳ ಮಹಡಿಗಳ ಬಾಲ್ಕನಿ, ಸಜ್ಜಾ, ಹೋರ್ಡಿಂಗ್ ಹೊರಚಾಚಿವೆಯೇ ಎಂದು ಪ್ಯಾರಾಪೆಟ್‌ನಿಂದ ಬಗ್ಗಿ ನೋಡಿ. ಎತ್ತರವನ್ನು ಲೆಕ್ಕ ಹಾಕಬೇಕಾದದ್ದು ನೆಲದಿಂದಲ್ಲ, ಹಾದಿಗೆ ಅಡ್ಡ ಬರುವ ಮೊದಲ ಚಾಚಿನಿಂದ.

ಮ್ಯಾನೇಜರು ಬಾಯಿಮಾತಿನಲ್ಲಿ “ಮಾಡ್ಕೊಳ್ಳಿ” ಅಂದರೆ ಅದು ಅನುಮತಿಯಲ್ಲ. ಸಹಿ ಹಾಕುವ ಅಧಿಕಾರ ಇರುವವರಿಂದಲೇ ಪತ್ರ ಬೇಕು. ಅದರಲ್ಲಿ ದಿನಾಂಕ, ಕನಿಷ್ಠ ಎರಡು ಬದಲಿ ದಿನಾಂಕ, ವೇಳೆ, ಜಿಗಿಯುವ ಮೂಲೆ, ತಾರಸಿ ಬಾಗಿಲು ತೆಗೆಯುವವರ ಹೆಸರು ಇರಲಿ. ಇಳಿಯುವ ಜಾಗದ ಮಾಲೀಕರ ಎನ್‌ಒಸಿ ಬೇರೆಯೇ ಬೇಕು. ಬಹಳ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಈ ಎರಡು ಪತ್ರ ಹಿಡಿದು ಪೊಲೀಸ್, ಸಂಚಾರ ವಿಭಾಗ, ಅಗ್ನಿಶಾಮಕ ದಳ, ಸ್ಥಳೀಯ ಸಂಸ್ಥೆಗೆ ಹೋಗಿ. ಅಕ್ಕಪಕ್ಕ ಹೆಲಿಪ್ಯಾಡ್ ಇದ್ದರೆ ಅವರಿಗೂ ತಿಳಿಸಿ. ನಮ್ಮಲ್ಲಿ ಒಪ್ಪಿಗೆಯಿಲ್ಲದೆ ತಾರಸಿ ಹತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 329 (ಅತಿಕ್ರಮ ಪ್ರವೇಶ), ಕೆಳಗಿದ್ದವರ ಜೀವಕ್ಕೆ ಅಪಾಯ ತಂದರೆ 125ನೇ ಸೆಕ್ಷನ್ ಬೀಳಬಹುದು.

ಮಾಲೀಕರು ಮೊದಲು ಕೇಳುವುದೇ ವಿಮೆ. ಅವರ ಹೆಸರನ್ನೂ ಸೇರಿಸಿದ ಥರ್ಡ್ ಪಾರ್ಟಿ ಪಾಲಿಸಿ ತೋರಿಸಿ. ನಿಮ್ಮ ಆರೋಗ್ಯ ವಿಮೆಯ ಹೊರಗಿಡುವ ಷರತ್ತುಗಳಲ್ಲಿ ‘ಎಕ್ಸ್‌ಕ್ಲೂಷನ್ 09’ ಓದಿ: ವೃತ್ತಿಪರರಾಗಿ ಸಾಹಸ ಕ್ರೀಡೆಯಲ್ಲಿ ಪಾಲ್ಗೊಂಡು ಗಾಯಗೊಂಡರೆ ಚಿಕಿತ್ಸೆಗೆ ಹಣವಿಲ್ಲ. ಪ್ರಾಯೋಜಕರ ಚೆಕ್ ತೆಗೆದುಕೊಂಡ ಮೇಲೆ ‘ನಾನು ವೃತ್ತಿಪರನಲ್ಲ’ ಎಂದು ವಾದಿಸುವುದು ಕಷ್ಟ.

ಪ್ರಾಯೋಜಕರ ಬಳಿ ಪತ್ರಗಳೆಲ್ಲ ಕೈಸೇರಿದ ಮೇಲೆ ಹೋಗಿ. ಅನುಮತಿಯಿಲ್ಲದ ಜಿಗಿತಕ್ಕೆ ಹೆಸರು ಕೊಡುವ ಕಂಪನಿ ಸಿಗುವುದು ಅಪರೂಪ. ಅನುಮತಿ ಇದ್ದರೂ ಹಿಂಜರಿಯುವವರಿದ್ದಾರೆ: 2014ರಲ್ಲಿ ಎನರ್ಜಿ ಬಾರ್ ತಯಾರಿಸುವ ಅಮೆರಿಕದ ಕ್ಲಿಫ್ ಬಾರ್ ಕಂಪನಿ, ಅಪಾಯ ಹೆಚ್ಚೆಂದು, ಬೇಸ್ ಜಿಗಿತಗಾರ ಡೀನ್ ಪಾಟರ್ ಸೇರಿ ಐವರು ಆರೋಹಿಗಳನ್ನು ಕೈಬಿಟ್ಟಿತು. ಏನು ಕೊಡುತ್ತೀರಿ ಎಂದು ಎಣಿಸಿ ಹೇಳಿ: ಎಷ್ಟು ವಿಡಿಯೊ, ಎಷ್ಟು ಫೋಟೊ, ಲೋಗೊ ಎಲ್ಲಿ. ಲೋಗೊವನ್ನು ಕ್ಯಾನೊಪಿ (ಪ್ಯಾರಾಶೂಟಿನ ಬಟ್ಟೆ) ತಯಾರಕರಿಂದಲೇ ಹಾಕಿಸಿ. ದರ್ಜಿ ಹತ್ತಿರ ತೇಪೆ ಹೊಲಿಸಿದರೆ ಸೂಜಿ ತೂತಾಗಿ ಬಟ್ಟೆ ಗಾಳಿ ಬಿಡುತ್ತದೆ. ಹೆಲ್ಮೆಟ್ ಮೇಲೆ ಹೆಚ್ಚುವರಿ ಕ್ಯಾಮೆರಾ ಕೇಳಿದರೆ ಒಪ್ಪಬೇಡಿ, ಅದಕ್ಕೆ ಪ್ಯಾರಾಶೂಟಿನ ದಾರ ಸಿಕ್ಕಿಕೊಳ್ಳಬಹುದು.

ಕರಾರಿನಲ್ಲಿ ಬಿಡಲೇಬಾರದ ಸಾಲು ಒಂದಿದೆ: ಜಿಗಿಯಬೇಕೋ ಬೇಡವೋ ಎಂಬ ತೀರ್ಮಾನ ಜಿಗಿತಗಾರರದ್ದೇ, ಗಾಳಿಯಿಂದಾಗಿ ರದ್ದಾದರೂ ಪ್ರಯಾಣ ಮತ್ತು ಸಿದ್ಧತೆಯ ಹಣ ಕೊಡತಕ್ಕದ್ದು. ಈ ಸಾಲಿಲ್ಲದಿದ್ದರೆ ಕ್ಯಾಮೆರಾ ತಂಡ, ಅತಿಥಿಗಳು, ಬ್ಯಾನರು ಎಲ್ಲ ಸೇರಿ ನಿಮ್ಮನ್ನು ಅಂಚಿನಿಂದ ತಳ್ಳಿದಂತೆಯೇ. ಬೆಳಗ್ಗೆ ತಾರಸಿಯ ಅಂಚಿಗೆ ಕಟ್ಟಿದ ರಿಬ್ಬನ್ ಗೋಡೆ ಕಡೆಗೆ ಹಾರುತ್ತಿದ್ದರೆ, ಇಲ್ಲವೇ ಒಂದು ನಿಮಿಷದಲ್ಲಿ ಎರಡು ಮೂರು ದಿಕ್ಕಿಗೆ ಹೊರಳಿದರೆ, ಚೀಲ ಬಿಚ್ಚದೆ ಲಿಫ್ಟ್ ಹತ್ತಿ ಕೆಳಗಿಳಿಯಿರಿ. ಬದಲಿ ದಿನಾಂಕ ಬರೆಸಿಕೊಂಡಿರುವುದು ಅದಕ್ಕೇ.