ನಾಲ್ಕು ಸಾಲಗಳನ್ನು ಒಂದು ಸಾಲವಾಗಿಸಿದ ಲೆಕ್ಕ

ಹಲವು ಕಡೆಯ ಸಾಲಗಳನ್ನು ಒಂದು ಹೊಸ ಸಾಲ ತೆಗೆದು ತೀರಿಸಿದಾಗ ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಬದಲಾಗುವುದು ಬಡ್ಡಿಯ ದರ, ತೀರಿಸುವ ಅವಧಿ ಮತ್ತು ಕಂತು ಕಟ್ಟುವ ತಾರೀಕು. ಈ ಮೂರರಲ್ಲಿ ಜನರು ಮೊದಲು ನೋಡುವುದು ಬಡ್ಡಿಯ ದರವನ್ನು. ಆದರೆ ಉಳಿತಾಯವೋ ನಷ್ಟವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಅವಧಿ. ನಾನು ಈ ಕೆಲಸವನ್ನು ಯಾರ ಮಧ್ಯಸ್ಥಿಕೆಯೂ ಇಲ್ಲದೆ ಮಾಡಿ ಮುಗಿಸಿದ್ದೇನೆ. ಇದೇ ಇಕ್ಕಟ್ಟಿನಲ್ಲಿರುವವರಿಗೆ ಉಪಯೋಗವಾದೀತೆಂದು ಅದರ ಲೆಕ್ಕವನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.

ಉಡುಪಿಯಲ್ಲಿ ನನಗೊಂದು ಸ್ಟೇಶನರಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಶಾಲೆ ಶುರುವಾಗುವ ದಿನಗಳಲ್ಲಿ ವ್ಯಾಪಾರ ಜೋರು. ಆಟಿಯ ಮಳೆ ಹಿಡಿದರೆ ಕೆಲವು ದಿನ ಬೋಣಿಯಾಗುವುದೂ ಕಷ್ಟ. ಅಮ್ಮನ ಚಿಕಿತ್ಸೆ, ಮಗಳ ಕಾಲೇಜಿನ ಶುಲ್ಕ ಮತ್ತು ಹೊಸ ಜೆರಾಕ್ಸ್ ಯಂತ್ರ ಒಂದೇ ವರ್ಷದಲ್ಲಿ ಕೂಡಿ ಬಂದದ್ದರಿಂದ ನಾಲ್ಕು ಕಡೆ ಸಾಲವಾಯಿತು. ಎರಡು ಕ್ರೆಡಿಟ್ ಕಾರ್ಡುಗಳಲ್ಲಿ ಒಟ್ಟು 2,50,000 ರೂಪಾಯಿ ಬಾಕಿ ಇತ್ತು. ಶೇ. 16ರ ಬಡ್ಡಿಯ ವೈಯಕ್ತಿಕ ಸಾಲದಲ್ಲಿ 2,40,000 ರೂಪಾಯಿ ಅಸಲು ಉಳಿದು, 30 ತಿಂಗಳ ಕಂತುಗಳು ಬಾಕಿಯಿದ್ದವು. ಮೊಬೈಲ್ ಆ್ಯಪ್ ಮೂಲಕ ತೆಗೆದ ಸಾಲದಲ್ಲಿ ಶೇ. 30ರ ಬಡ್ಡಿಗೆ 40,000 ರೂಪಾಯಿ ಉಳಿದಿತ್ತು. ಇವಲ್ಲದೆ ಭಾವನವರಿಂದ ಪಡೆದ 50,000 ರೂಪಾಯಿ ಕೈಸಾಲವೂ ಇತ್ತು. ಅದಕ್ಕೆ ಬಡ್ಡಿ ಇಲ್ಲದ ಕಾರಣ ಅದನ್ನು ಈ ಲೆಕ್ಕದಿಂದ ಹೊರಗಿಟ್ಟೆ. ಅವರಿಗೆ ವಿಷಯ ತಿಳಿಸಿದಾಗ, "ನನ್ನದಕ್ಕೆ ಅವಸರ ಇಲ್ಲ ಮಾರಾಯ, ಮೊದಲು ಕಾರ್ಡಿನದ್ದು ಮುಗಿಸು" ಎಂದರು. ಬಡ್ಡಿಯಿಲ್ಲದ ಸಾಲವನ್ನು ತೀರಿಸಲು ಬಡ್ಡಿಯ ಸಾಲ ತೆಗೆಯಬಾರದು ಎಂಬುದು ಸರಳವಾದ ಮಾತು. ಮರ್ಯಾದೆಯ ಪ್ರಶ್ನೆ ಎದ್ದಾಗ ಹಲವರು ಅದನ್ನೇ ಮೊದಲು ಮರೆಯುತ್ತಾರೆ.

ಕಾರ್ಡಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನೆಗಳು ಮುಳುಗುವುದು ಹೆಚ್ಚಾಗಿ ಅಲ್ಲಿಯೇ. ನನ್ನ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. ಎರಡೂವರೆ ಲಕ್ಷಕ್ಕೆ ಒಂದು ತಿಂಗಳ ಬಡ್ಡಿ 8,750 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18ರಂತೆ ಜಿಎಸ್‌ಟಿ 1,575 ರೂಪಾಯಿ, ಒಟ್ಟು 10,325. ಬಿಲ್ಲಿನಲ್ಲಿ ಕಾಣಿಸುವ ಕನಿಷ್ಠ ಪಾವತಿ ಬಾಕಿಯ ಶೇ. 5, ಅಂದರೆ 12,500 ರೂಪಾಯಿ. ಅಷ್ಟನ್ನು ತಪ್ಪದೆ ಕಟ್ಟಿದರೂ ಅಸಲಿನಲ್ಲಿ ಇಳಿಯುತ್ತಿದ್ದದ್ದು 2,175 ರೂಪಾಯಿ ಮಾತ್ರ. ಇದರ ಜೊತೆಗೆ, ಹಳೆಯ ಬಾಕಿ ಪೂರ್ತಿ ತೀರದೆ ಮುಂದುವರಿದಿರುವಷ್ಟು ಕಾಲ ಹೊಸ ಖರೀದಿಗಳಿಗೆ ಬಡ್ಡಿರಹಿತ ದಿನಗಳ ಸೌಲಭ್ಯ ಸಿಗುವುದಿಲ್ಲ. ಕಾರ್ಡು ಉಜ್ಜಿದ ದಿನದಿಂದಲೇ ಬಡ್ಡಿ ಹತ್ತುತ್ತದೆ. ಕನಿಷ್ಠ ಪಾವತಿ ಮಾಡಿದರೆ ಸುಸ್ತಿಯಾಗುವುದಿಲ್ಲ ಎಂಬುದು ನಿಜ. ಸಾಲ ತೀರುವುದೂ ಇಲ್ಲ ಎಂಬುದು ಅಷ್ಟೇ ನಿಜ.

ಕಾರ್ಡಿಗೆ 12,500, ವೈಯಕ್ತಿಕ ಸಾಲಕ್ಕೆ 9,760, ಆ್ಯಪ್ ಸಾಲಕ್ಕೆ 4,570, ಹೀಗೆ ತಿಂಗಳಿಗೆ 26,830 ರೂಪಾಯಿ ಬೇರೆಬೇರೆ ತಾರೀಕುಗಳಲ್ಲಿ ಹೋಗುತ್ತಿತ್ತು. ಅಂಗಡಿಯ ದಿನದ ಗಳಿಕೆಯಲ್ಲಿ ಬದುಕುವವನಿಗೆ ಮೊತ್ತದಷ್ಟೇ ಈ ತಾರೀಕುಗಳೂ ಭಾರ. ಒಂದು ಕಂತು ಬ್ಯಾಂಕಿನಿಂದ ವಾಪಸಾದರೆ ದಂಡ ಬೇರೆ.

ಅಮೆರಿಕದಲ್ಲಿ ಇಂಥವರಿಗೆಂದು ಲಾಭರಹಿತ ಸಾಲ ಸಮಾಲೋಚನಾ ಸಂಸ್ಥೆಗಳಿವೆ. ಅವು ಕಾರ್ಡು ಕಂಪೆನಿಗಳೊಡನೆ ಮಾತನಾಡಿ ಬಡ್ಡಿ ಇಳಿಸುತ್ತವೆ, ಸಾಲಗಾರನಿಂದ ತಿಂಗಳಿಗೆ ಒಂದೇ ಮೊತ್ತ ಪಡೆದು ಎಲ್ಲ ಕಡೆಗೂ ಹಂಚುತ್ತವೆ, ಮತ್ತು ಸಾಮಾನ್ಯವಾಗಿ 3ರಿಂದ 5 ವರ್ಷಗಳಲ್ಲಿ ಸಾಲ ತೀರುವಂತೆ ಯೋಜನೆ ಹಾಕುತ್ತವೆ. ನಮ್ಮಲ್ಲಿ ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳು ಉಚಿತವಾಗಿ ಸಲಹೆ ನೀಡುತ್ತವೆ, ಆದರೆ ಹಣವನ್ನು ಹಂಚುವ ಕೆಲಸ ಸಾಲಗಾರನದೇ. ಆದ್ದರಿಂದ ಇಲ್ಲಿ ಸಾಲ ಒಗ್ಗೂಡಿಸುವುದೆಂದರೆ ಕಡಿಮೆ ಬಡ್ಡಿಯ ಒಂದು ಸಾಲ ಹುಡುಕಿ, ಹೆಚ್ಚು ಬಡ್ಡಿಯವನ್ನು ನಾವೇ ಮುಚ್ಚುವುದು.

ಮೊಬೈಲಿನಲ್ಲಿ ಜಾಹೀರಾತು ಕೊಡುವ 'ಸೆಟ್ಲ್‌ಮೆಂಟ್' ಕಂಪೆನಿಗಳದು ಬೇರೆಯೇ ದಾರಿ. ಅಂಥ ಒಂದು ಕಡೆಯಿಂದ ನನಗೂ ಕರೆ ಬಂದಿತ್ತು. ಎಲ್ಲ ಕಂತುಗಳನ್ನೂ ನಿಲ್ಲಿಸಿ, ಆ ಹಣವನ್ನು ಕೂಡಿಡಿ, ಕೆಲವು ತಿಂಗಳ ಬಳಿಕ ಅರ್ಧಕ್ಕೆ ಮುಗಿಸಿಕೊಡುತ್ತೇವೆ ಎಂದರು. ಕಂತು ನಿಂತ ಕೂಡಲೇ ದಂಡ ಏರುತ್ತದೆ, ವಸೂಲಿಯವರ ಕರೆಗಳು ಶುರುವಾಗುತ್ತವೆ, ಬ್ಯಾಂಕು ಒಪ್ಪಲೇಬೇಕೆಂಬ ನಿಯಮವೂ ಇಲ್ಲ. ಒಪ್ಪಿದರೂ ನಮ್ಮ ಸಾಲಗಳ ದಾಖಲೆಯಾದ ಸಿಬಿಲ್ ವರದಿಯಲ್ಲಿ 'ಕ್ಲೋಸ್ಡ್' ಎಂಬುದರ ಬದಲು 'ಸೆಟ್ಲ್ಡ್' ಎಂದು ದಾಖಲಾಗುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ತೀರಿಸದ ಸಾಲವೆಂದೇ ಓದುತ್ತಾರೆ. ದುಡಿಯುವ ಶಕ್ತಿಯೇ ಹೋದವರಿಗೆ ಕೊನೆಯ ಉಪಾಯವಾಗಿ ಅದು ಬೇಕಾಗಬಹುದು. ಆಗಲೂ ನೇರವಾಗಿ ಬ್ಯಾಂಕಿನೊಡನೆ ಮಾತನಾಡುವುದು ಲೇಸು. ಕಂತು ಕಟ್ಟುವ ತ್ರಾಣ ಇನ್ನೂ ಇರುವವರು ಆ ದಾರಿ ಹಿಡಿಯಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ನನ್ನ ಮುಂದೆ ಮೂರು ದಾರಿಗಳಿದ್ದವು: ಹೊಸ ವೈಯಕ್ತಿಕ ಸಾಲ, ಚಿನ್ನದ ಮೇಲಿನ ಸಾಲ, ಮತ್ತು ನಡೆಯುತ್ತಿದ್ದ ಗೃಹಸಾಲದ ಮೇಲೆ ಟಾಪ್-ಅಪ್, ಅಂದರೆ ಅದೇ ಮನೆಯ ಅಡಮಾನದ ಮೇಲೆ ಹೆಚ್ಚುವರಿ ಸಾಲ. ಕರಾವಳಿಯಲ್ಲಿ ಬ್ಯಾಂಕುಗಳಿಗೆ ಬರವಿಲ್ಲ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಪೇಟೆ ಪೇಟೆಯಲ್ಲೂ ಸಹಕಾರಿ ಸಂಘಗಳಿವೆ. ಇಂಥ ಊರಿನಲ್ಲಿಯೂ ಜನರು ಶೇ. 30ರ ಬಡ್ಡಿಗೆ ಆ್ಯಪ್ ಸಾಲ ತೆಗೆಯುವುದಕ್ಕೆ ಕಾರಣ, ಅದು ಕೆಲವೇ ನಿಮಿಷಗಳಲ್ಲಿ, ಯಾರಿಗೂ ತಿಳಿಯದಂತೆ ಕೈಗೆ ಬರುತ್ತದೆ ಎಂಬುದು. ಬ್ಯಾಂಕಿನ ಮೇನೇಜರರ ಎದುರು ಕುಳಿತು ಇರುವ ಸ್ಥಿತಿಯನ್ನು ಹೇಳಿಕೊಳ್ಳುವುದಕ್ಕೆ ಜನ ಪಡುವ ಸಂಕೋಚ ಎಷ್ಟು ದುಬಾರಿ ಎಂಬುದನ್ನು ನೆನೆದರೆ ನನಗೆ ಬೇಸರವಾಗುತ್ತದೆ.

ಟಾಪ್-ಅಪ್ ಸಾಲಕ್ಕೆ ಶೇ. 9ರ ಬಡ್ಡಿ, ವೈಯಕ್ತಿಕ ಸಾಲಕ್ಕೆ ನನಗೆ ಹೇಳಿದ್ದು ಶೇ. 14. ಹಾಗಾಗಿ ಟಾಪ್-ಅಪ್ ಎಂದು ನಿಶ್ಚಯಿಸಿದೆ. ಆದರೆ ಅದಕ್ಕೆ ಆದಾಯ ತೆರಿಗೆ ರಿಟರ್ನ್‌ಗಳು, ಮನೆಯ ಇ.ಸಿ. (ಋಣಭಾರ ಪತ್ರ), ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಲ್ಲ ಆಗಬೇಕು, ವಾರಗಳು ಹಿಡಿಯುತ್ತವೆ. ಆವರೆಗೆ ಕಾರ್ಡಿಗೆ ತಿಂಗಳಿಗೆ 10,325 ರೂಪಾಯಿ ಬಡ್ಡಿ ಮತ್ತು ತೆರಿಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಚಿನ್ನ ಅಡವಿಟ್ಟು ಎರಡೂವರೆ ಲಕ್ಷ ಪಡೆದು ಕಾರ್ಡುಗಳನ್ನು ಮುಚ್ಚುವುದು, ಟಾಪ್-ಅಪ್ ಕೈಸೇರಿದ ಮೇಲೆ ಚಿನ್ನ ಬಿಡಿಸಿಕೊಳ್ಳುವುದು ಎಂದು ಹೆಂಡತಿಯೂ ನಾನೂ ಕೂತು ತೀರ್ಮಾನಿಸಿದೆವು. ಸಹಕಾರಿ ಸಂಘದಲ್ಲಿ ಚಿನ್ನದ ಸಾಲಕ್ಕೆ ಶೇ. 10, ಎರಡೂವರೆ ಲಕ್ಷಕ್ಕೆ ತಿಂಗಳ ಬಡ್ಡಿ 2,083 ರೂಪಾಯಿ. ಅಂದರೆ ಕಾಯುವ ಪ್ರತಿಯೊಂದು ತಿಂಗಳೂ ಎಂಟು ಸಾವಿರಕ್ಕಿಂತ ಹೆಚ್ಚು ಉಳಿಯಿತು.

ಹೆಂಡತಿಯ ಕರಿಮಣಿಯನ್ನು ಮುಟ್ಟಲಿಲ್ಲ. ಬಳೆಗಳು ಮತ್ತು ಅವಲಕ್ಕಿ ಸರವನ್ನು ಕೊಂಡೊಯ್ದೆವು. ಸರಾಫರು ಒಂದೊಂದನ್ನೂ ಒರೆಗಲ್ಲಿಗೆ ತಿಕ್ಕಿ ನೋಡಿದರು, ತೂಕದಿಂದ ಹರಳು ಮತ್ತು ಅರಗಿನ ಭಾರವನ್ನು ಕಳೆದು ನಿವ್ವಳ ತೂಕವನ್ನು ಚೀಟಿಯಲ್ಲಿ ಬರೆದು ನಮಗೆ ಓದಿ ಹೇಳಿದರು. ಆ ಚೀಟಿಯ ಪ್ರತಿಯನ್ನು ಕೇಳಿ ಪಡೆಯಲೇಬೇಕು. ಬಿಡಿಸಿಕೊಳ್ಳುವಾಗ ತಾಳೆ ನೋಡಲು ಬೇರೆ ಆಧಾರವಿರುವುದಿಲ್ಲ. ಸಿಕ್ಕಿದ ಹಣವನ್ನು ಅಂದೇ ಕಾರ್ಡುಗಳಿಗೆ ಕಟ್ಟಿದೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಕಾರ್ಡಿನ ಮಿತಿಯ ಬಹುಭಾಗ ಬಳಕೆಯಲ್ಲಿದ್ದರೆ ಸಿಬಿಲ್ ಅಂಕ ಇಳಿಯುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಗಳಿಗೊಮ್ಮೆ ಮಾಹಿತಿ ಕಳಿಸಬೇಕಾಗಿದ್ದುದರಿಂದ, ಟಾಪ್-ಅಪ್ ಅರ್ಜಿಯ ಪರಿಶೀಲನೆಯ ಹೊತ್ತಿಗೆ ಕಾರ್ಡುಗಳ ಬಾಕಿ ಸೊನ್ನೆಯೆಂದು ತೋರುತ್ತಿತ್ತು.

ವೈಯಕ್ತಿಕ ಸಾಲವನ್ನು ಅವಧಿಗೆ ಮೊದಲೇ ಮುಚ್ಚಬೇಕೇ ಎಂಬುದಕ್ಕೆ ಬೇರೆಯೇ ಲೆಕ್ಕ ಬೇಕಾಯಿತು. ನಿಶ್ಚಿತ ಬಡ್ಡಿಯ ಸಾಲವಾದ್ದರಿಂದ ಮುಂಗಡ ಮುಕ್ತಾಯಕ್ಕೆ ಶೇ. 4 ಶುಲ್ಕ, ಅದರ ಮೇಲೆ ಜಿಎಸ್‌ಟಿ. ಎರಡೂ ಸೇರಿ 11,328 ರೂಪಾಯಿ. ಹಾಗೆಯೇ ಮುಂದುವರಿಸಿದ್ದರೆ ಉಳಿದ 30 ತಿಂಗಳಲ್ಲಿ ಕಟ್ಟಬೇಕಿದ್ದ ಬಡ್ಡಿ ಸುಮಾರು 52,800. ಅದೇ ಅಸಲಿಗೆ ಅಷ್ಟೇ ಕಾಲ ಶೇ. 9ರಂತೆ ಸುಮಾರು 28,900. ವ್ಯತ್ಯಾಸ 23,900; ಶುಲ್ಕ ಕಳೆದರೂ ಹನ್ನೆರಡು ಸಾವಿರಕ್ಕೂ ಹೆಚ್ಚು ಲಾಭ. ಅದೇ ಸಾಲದಲ್ಲಿ ಒಂದೇ ವರ್ಷದ ಕಂತು ಉಳಿದಿದ್ದರೆ ಬಡ್ಡಿಯಲ್ಲಿ ಉಳಿಯುತ್ತಿದ್ದದ್ದು ನಾಲ್ಕು ಸಾವಿರದಷ್ಟು, ಶುಲ್ಕವೋ ಐದು ಸಾವಿರ. ಆಗ ಮುಚ್ಚದೆ ಬಿಡುವುದೇ ಸರಿ. ಎಲ್ಲವನ್ನೂ ಒಂದೇ ಕಟ್ಟು ಕಟ್ಟಿಬಿಡಬೇಕೆಂಬ ಹಟ ಬೇಡ.

ಟಾಪ್-ಅಪ್‌ಗೆ ಒಟ್ಟು 5,50,000 ರೂಪಾಯಿ ಕೇಳಿದೆ. ಸಾಲಗಳ ಮೊತ್ತದ ಮೇಲಿನ ಇಪ್ಪತ್ತು ಸಾವಿರ ಶುಲ್ಕಗಳಿಗೆಂದು. ಬ್ಯಾಂಕಿನ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ, ಗೃಹಸಾಲದ ಉಳಿದ ಅವಧಿಯಾದ 15 ವರ್ಷಕ್ಕೇ ಇಟ್ಟರೆ ಕಂತು 5,579 ರೂಪಾಯಿ ಮಾತ್ರ, ನಿಮಗೆ ಹಗುರ ಎಂದರು. ತಿಂಗಳಿಗೆ 26,830 ಕಟ್ಟುತ್ತಿದ್ದವನಿಗೆ ಆ ಅಂಕಿ ಎಷ್ಟು ಹಿತವಾಗಿ ಕೇಳಿಸುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ 15 ವರ್ಷಗಳಲ್ಲಿ ಬಡ್ಡಿಯೊಂದೇ 4,54,000 ರೂಪಾಯಿ ದಾಟುತ್ತದೆ. ನಾಲ್ಕು ವರ್ಷಕ್ಕಾದರೆ ಕಂತು 13,687, ಒಟ್ಟು ಬಡ್ಡಿ ಸುಮಾರು 1,07,000. ಶೇ. 14ರ ವೈಯಕ್ತಿಕ ಸಾಲವನ್ನು ಐದು ವರ್ಷಕ್ಕೆ ತೆಗೆದಿದ್ದರೂ ಬಡ್ಡಿ 2,18,000ದ ಸುತ್ತ ನಿಲ್ಲುತ್ತಿತ್ತು, ಅಂದರೆ ಶೇ. 9ರ ಸಾಲ 15 ವರ್ಷ ನಡೆದರೆ ಶೇ. 14ರ ಸಾಲಕ್ಕಿಂತ ಎರಡು ಪಟ್ಟು ದುಬಾರಿ. ನಾಲ್ಕು ವರ್ಷವೆಂದೇ ಬರೆಸಿದೆ. ಒಂದು ವೇಳೆ ಕಂತು ಭಾರವೆನಿಸಿ ದೀರ್ಘ ಅವಧಿಯನ್ನೇ ಒಪ್ಪಬೇಕಾದವರಿಗೂ ಒಂದು ಅನುಕೂಲವಿದೆ: ವ್ಯಕ್ತಿಗಳು ವ್ಯಾಪಾರೇತರ ಉದ್ದೇಶಕ್ಕೆ ಪಡೆದ, ಬಡ್ಡಿದರ ಬದಲಾಗುವಂಥ ಸಾಲಗಳಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮುಂಗಡ ಪಾವತಿಯ ದಂಡ ವಿಧಿಸುವಂತಿಲ್ಲ. ಕೈಗೆ ಹಣ ಬಂದಾಗಲೆಲ್ಲ ಅಸಲಿಗೆ ಕಟ್ಟಬಹುದು. ಇಂಥ ದರ ಸಾಮಾನ್ಯವಾಗಿ ರೆಪೊ ದರದೊಡನೆ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರದೊಡನೆ, ಏರಿಳಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಸಹಿ ಹಾಕುವ ಮೊದಲು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಪತ್ರವನ್ನು ಓದಬೇಕು. 2024ರ ಅಕ್ಟೋಬರ್ 1ರಿಂದ, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಬಿಟ್ಟು, ವ್ಯಕ್ತಿಗಳಿಗೆ ಕೊಡುವ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೂ ಇದು ಕಡ್ಡಾಯ. ಶುಲ್ಕಗಳೆಲ್ಲ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರುತ್ತದೆ. ಜೊತೆಗೆ ಸೇರಿಸಿದ ವಿಮೆಯಂಥವೂ ಅಲ್ಲಿ ಕಣ್ಣಿಗೆ ಬೀಳುತ್ತವೆ.

ಇದರಲ್ಲಿರುವ ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. ಕಾರ್ಡಿನ ಸಾಲಕ್ಕೆ ಯಾವ ಅಡಮಾನವೂ ಇರಲಿಲ್ಲ. ಅದನ್ನು ಟಾಪ್-ಅಪ್‌ಗೆ ತಂದ ಕ್ಷಣದಿಂದ ಅದರ ಹಿಂದೆ ನನ್ನ ಮನೆ ನಿಂತಿದೆ. ಕಂತು 90 ದಿನ ಮೀರಿ ಬಾಕಿಯಾದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದು ಗುರುತಾಗುತ್ತದೆ. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು ಮುಂದಿನ ಕ್ರಮಕ್ಕೆ ಹೋಗಬಹುದು. ಆದ್ದರಿಂದ ವ್ಯಾಪಾರ ತೀರ ಕುಸಿದ ತಿಂಗಳಲ್ಲೂ ಕಟ್ಟಬಲ್ಲ ಕಂತಿಗಷ್ಟೇ ಒಪ್ಪಬೇಕು, ಮತ್ತು ಹಳೆಯ ಕಂತು ಹೊಸ ಕಂತುಗಳ ನಡುವಿನ ವ್ಯತ್ಯಾಸವನ್ನು ಖರ್ಚಿಗೆ ಬಿಡಬಾರದು. ನನ್ನ ವ್ಯತ್ಯಾಸ 13,143 ರೂಪಾಯಿ. ಅದರಲ್ಲಿ ದಿನಕ್ಕೆ 200 ರೂಪಾಯಿಯನ್ನು ಅಂಗಡಿಗೆ ಬರುವ ಪಿಗ್ಮಿಯವರ ಕೈಗೆ ಕೊಡುತ್ತೇನೆ. ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ್ದು ದಿನಗಳಿಕೆಯವರಿಗೆಂದೇ; ನನ್ನಂಥವರಿಗೆ ಇಂದಿಗೂ ಅದಕ್ಕಿಂತ ಒಪ್ಪುವ ಉಳಿತಾಯವನ್ನು ನಾನು ಕಂಡಿಲ್ಲ. ಮಳೆಗಾಲದ ಎರಡು ಕಂತುಗಳು ಅದರಿಂದಲೇ ಹೋದವು. ಉಳಿದದ್ದರಲ್ಲಿ ಸ್ವಲ್ಪ ಭಾವನವರಿಗೆ, ಸ್ವಲ್ಪ ಟಾಪ್-ಅಪ್‌ನ ಅಸಲಿಗೆ.

ತೀರಿಸಿದ ಖಾತೆಗಳನ್ನು ಕಾಗದದ ಮೇಲೂ ಮುಚ್ಚಿಸಬೇಕು. ಬಾಕಿ ಸೊನ್ನೆಯಾದ ಕಾರ್ಡು ಚಾಲ್ತಿಯಲ್ಲೇ ಇದ್ದರೆ ಮುಂದಿನ ಕಷ್ಟಕ್ಕೆ ಅದೇ ಮೊದಲು ನೆನಪಾಗುತ್ತದೆ, ಎರಡು ವರ್ಷಗಳಲ್ಲಿ ಟಾಪ್-ಅಪ್ ಕಂತೂ ಕಾರ್ಡಿನ ಬಾಕಿಯೂ ಎರಡೂ ಇರುತ್ತವೆ. ಒಂದು ಕಾರ್ಡನ್ನು ಸಣ್ಣ ಮಿತಿಗೆ ಇಳಿಸಿ ಉಳಿಸಿಕೊಂಡು, ಇನ್ನೊಂದನ್ನು ರದ್ದು ಮಾಡಿಸಿದೆ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚುವಂತೆ ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಪ್ರತಿಯೊಂದು ಸಾಲಕ್ಕೂ ಬಾಕಿಯಿಲ್ಲವೆಂಬ 'ನೋ ಡ್ಯೂಸ್' ಪತ್ರವನ್ನು ಪಡೆದು ಒಂದೇ ಫೈಲಿನಲ್ಲಿಟ್ಟೆ.

ಆ ಪತ್ರಗಳು ಉಪಯೋಗಕ್ಕೆ ಬಂದವು. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ, ಸಾಲಗಳ ದಾಖಲೆ ಇಡುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಹಾಗೆ ತರಿಸಿ ನೋಡಿದಾಗ ಆ್ಯಪ್ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದೇ ಒಂದು ವರದಿಯಲ್ಲಿತ್ತು. ವರದಿ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿಯೇ ತಕರಾರು ದಾಖಲಿಸಿ, ನೋ ಡ್ಯೂಸ್ ಪತ್ರವನ್ನು ಲಗತ್ತಿಸಿದೆ. ಇಂಥ ದೂರನ್ನು 30 ದಿನಗಳೊಳಗೆ ಪರಿಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಅವಧಿಯೊಳಗೇ ವರದಿ ತಿದ್ದುಪಡಿಯಾಗಿ, ಆ ಸಾಲದ ಎದುರು 'ಕ್ಲೋಸ್ಡ್' ಎಂದು ಬಂತು.