ಫುಲ್ ಟ್ಯಾಂಕ್ ಮಾಡಿಸಿದ ದಿನ ಮಾತ್ರ ಸ್ಟಾರ್ಟ್ ಆಗದ ಕಾರು

ಬೆಳಿಗ್ಗೆ ಮನೆಯಿಂದ ಹೊರಡುವಾಗ ನನ್ನ ಕಾರಿಗೆ ಏನೂ ತೊಂದರೆ ಇರಲಿಲ್ಲ. ಸಿಗ್ನಲ್‌ನಲ್ಲಿ ಆಫ್ ಮಾಡಿ ಆನ್ ಮಾಡಿದರೂ ಸರಿಯಾಗಿಯೇ ಇತ್ತು. ಯಶವಂತಪುರದ ಬಂಕ್‌ನಲ್ಲಿ ಫುಲ್ ಟ್ಯಾಂಕ್ ಮಾಡಿಸಿದ ತಕ್ಷಣ ಮಾತ್ರ ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕಿತ್ತು. ಆಮೇಲೆ ಎಂಜಿನ್ ನಡುಗುತ್ತಾ ಸ್ಟಾರ್ಟ್ ಆಗುತ್ತಿತ್ತು, ಜೊತೆಗೆ ಪೆಟ್ರೋಲ್ ವಾಸನೆ. ವಾರದೊಳಗೆ ಚೆಕ್ ಎಂಜಿನ್ ದೀಪವೂ ಬಂತು.

ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು. ಮುಂದಿನ ಫುಲ್ ಟ್ಯಾಂಕ್‌ಗೆ ಮತ್ತೆ ಅದೇ. ಆಗ ನಾನೇ ನೋಡೋಣ ಅಂತ ಕೂತೆ.

ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಬ್ಲೂಟೂತ್ ಸ್ಕ್ಯಾನರ್ ಹಾಕಿದೆ. ಪಿ0441 ಅಂತ ಕೋಡ್ ಬಂತು. ಟ್ಯಾಂಕಿನ ಆವಿ ಎಂಜಿನ್‌ಗೆ ಹೋಗುವ ಹರಿವು ಸರಿಯಿಲ್ಲ ಅಂತ ಅದರ ಅರ್ಥ. ಕೋಡ್ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ, ಯಾವ ಪಾರ್ಟ್ ಹೋಗಿದೆ ಅಂತ ಹೇಳುವುದಿಲ್ಲ. ಇದು ಮರೆತರೆ ಸುಮ್ನೆ ದುಡ್ಡು ಖರ್ಚು.

ಈ ವ್ಯವಸ್ಥೆ ಸರಳವಾದದ್ದು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಹೊರಗೆ ಹೋಗದ ಹಾಗೆ ಕ್ಯಾನಿಸ್ಟರ್ ಎಂಬ ಡಬ್ಬಿ ಹಿಡಿದಿಡುತ್ತದೆ. ಅದರೊಳಗೆ ಇರುವುದು ಇದ್ದಿಲಿನ ಹರಳು. ಎಂಜಿನ್ ಬಿಸಿಯಾದ ಮೇಲೆ ಕಾರಿನ ಕಂಪ್ಯೂಟರ್, ಕ್ಯಾನಿಸ್ಟರ್‌ಗೂ ಎಂಜಿನ್‌ಗೂ ನಡುವೆ ಇರುವ ಪರ್ಜ್ ವಾಲ್ವ್ ತೆರೆಯುತ್ತದೆ, ಆವಿಯನ್ನು ಎಂಜಿನ್ ಎಳೆದುಕೊಂಡು ಸುಡುತ್ತದೆ. ಕರೆಂಟ್ ಇಲ್ಲದಾಗ ಈ ವಾಲ್ವ್ ಮುಚ್ಚಿರಬೇಕು. ತೆರೆದೇ ಉಳಿದರೆ? ಪೆಟ್ರೋಲ್ ತುಂಬುವಾಗ ಟ್ಯಾಂಕಿನಲ್ಲಿದ್ದ ಆವಿ ಕ್ಯಾನಿಸ್ಟರ್ ಕಡೆ ನುಗ್ಗುತ್ತದೆ. ಸ್ಟಾರ್ಟ್ ಮಾಡುವ ಹೊತ್ತಿಗೆ ಅದು ಎಂಜಿನ್ ಒಳಗೆ ಹೋಗಿ ಪೆಟ್ರೋಲ್ ಅಂಶ ಜಾಸ್ತಿಯಾಗುತ್ತದೆ. ನನ್ನ ಕಾರಿನ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತಿತ್ತು. ಬಂಕ್‌ನಿಂದ ಹೊರಬಂದ ಮೇಲೆ ಐಡಲ್‌ನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲ್ ಅನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ, ಸ್ಕ್ಯಾನರ್‌ನಲ್ಲಿ ಶೇಕಡಾ ಮೈನಸ್ 18ರ ಸುತ್ತ ಇತ್ತು. ಮೈನಸ್ ಇದ್ದರೆ ಕಡಿಮೆ ಮಾಡುತ್ತಲೇ ಇದೆ ಅಂತ.

ವಾಲ್ವ್ ಪರೀಕ್ಷಿಸಲು ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದೆ. ಈ ಪರೀಕ್ಷೆಯನ್ನು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕ್ಯಾನಿಸ್ಟರ್‌ನಿಂದ ವಾಲ್ವ್‌ಗೆ ಬರುವ ಪೈಪ್ ಕಳಚಿ, ವಾಲ್ವ್ ಬಾಯಿಗೆ ಬೆರಳಿಟ್ಟೆ. ಎಂಜಿನ್ ತಣ್ಣಗಿರುವಾಗ ಅಲ್ಲಿ ಎಳೆತ ಇರಬಾರದು. ನನ್ನ ಬೆರಳನ್ನು ಅದು ಜೋರಾಗಿ ಎಳೆಯಿತು. ಬೆರಳಿಂದ ಮುಚ್ಚಿದ ತಕ್ಷಣ ನಡುಕ ನಿಂತಿತು. ಎಂಜಿನ್ ಆಫ್ ಮಾಡಿ ವಾಲ್ವ್ ಬಿಚ್ಚಿ ನೋಡಿದರೆ, ಕರೆಂಟ್ ಇಲ್ಲದೆಯೇ ಅದರ ಮೂಲಕ ಗಾಳಿ ಆಚೆಗೆ ಹೋಗುತ್ತಿತ್ತು.

ಜೆ.ಸಿ. ರಸ್ತೆಯಿಂದ ಹೊಸ ವಾಲ್ವ್ ತಂದೆ. ಹಳೆಯದನ್ನು ಜೊತೆಗೆ ಒಯ್ದಿದ್ದು ಒಳ್ಳೆಯದಾಯಿತು, ನೋಡಲು ಒಂದೇ ತರಹದ ವಾಲ್ವ್‌ಗಳಿಗೆ ಬೇರೆ ಬೇರೆ ಕನೆಕ್ಟರ್ ಇರುತ್ತವೆ. ಹತ್ತು ನಿಮಿಷದ ಕೆಲಸ. ಕೋಡ್ ಅಳಿಸಿದೆ, ಕಾರು ಸರಿಯಾಯಿತು.

ಮೂರು ವಾರಕ್ಕೆ ಮತ್ತೆ ಅದೇ ತೊಂದರೆ.

ಈ ಸಲ ವಾಲ್ವ್ ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿದೆ. ಕಪ್ಪು ಪುಡಿ ಉದುರಿತು. ಇದ್ದಿಲು! ಕ್ಯಾನಿಸ್ಟರ್ ಒಳಗಿನ ಹರಳು ಪುಡಿಯಾಗಿ ಪೈಪಿನಲ್ಲಿ ಬಂದು ವಾಲ್ವ್ ಮುಚ್ಚದ ಹಾಗೆ ಅಡ್ಡ ಕೂತಿತ್ತು. ಮೊದಲ ಸಲವೇ ತಟ್ಟಿ ನೋಡಬೇಕಿತ್ತು. ಒಂದು ಹೊಸ ವಾಲ್ವ್ ಅದರಿಂದಲೇ ಹಾಳಾಯಿತು.

ಕ್ಯಾನಿಸ್ಟರ್ ನನ್ನ ಕಾರಿನಲ್ಲಿ ಹಿಂದೆ, ಟ್ಯಾಂಕ್ ಪಕ್ಕದಲ್ಲಿದೆ. ಅದಕ್ಕೆ ಕಾರನ್ನು ಮೇಲೆತ್ತಬೇಕು. ಪಕ್ಕದ ರಸ್ತೆಯ ಮೆಕ್ಯಾನಿಕ್ ರ‍್ಯಾಂಪ್ ಕೊಟ್ಟರು. ಆದರೆ, "ಅದು ಯಾಕ್ ಸಾರ್, ಕ್ಯಾನಿಸ್ಟರ್ ತೆಗೆದು ಪೈಪ್ ಮುಚ್ಚಿಬಿಡೋಣ, ಓಡುತ್ತೆ" ಅಂದರು. ನಾನು ಒಪ್ಪಲಿಲ್ಲ. ಟ್ಯಾಂಕ್ ಉಸಿರಾಡಲೇಬೇಕು. ದಾರಿ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ, ತೆರೆದೇ ಬಿಟ್ಟರೆ ಆವಿ ಬೀದಿಗೆ ಬರುತ್ತದೆ. ಆ ಆವಿಯಲ್ಲಿ ಬೆಂಜೀನ್ ಇದೆ, ಅದು ಕ್ಯಾನ್ಸರ್ ತರುವ ವಸ್ತು. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನನ್ನ ಕಾರಿನ ಹಿಂದೆ ಸ್ಕೂಟರ್ ಮೇಲೆ ಮಗು ಕೂರಿಸಿಕೊಂಡವರು ನಿಂತಿರುತ್ತಾರೆ, ಅಲ್ವಾ?

ಕಳಚಿದ ಕ್ಯಾನಿಸ್ಟರ್ ಅಲ್ಲಾಡಿಸಿದರೆ ಗಲಗಲ ಸದ್ದು. ಹೊಸದು ಹಾಕುವ ಮೊದಲು ವಾಲ್ವ್‌ಗೆ ಹೋಗುವ ಪೈಪನ್ನು ಎರಡೂ ತುದಿ ಬಿಚ್ಚಿ, ಕಂಪ್ರೆಸರ್ ಗಾಳಿಯಿಂದ ಪುಡಿಯೆಲ್ಲ ಹೋಗುವ ತನಕ ಊದಿದೆವು. ಟ್ಯಾಂಕ್ ಕಡೆಗೆ ಗಾಳಿ ಊದಲೇಬಾರದು. ಕೊನೆಗೆ ಮತ್ತೊಂದು ಹೊಸ ವಾಲ್ವ್.

ಇದ್ದಿಲು ಯಾಕೆ ಪುಡಿಯಾಯಿತು ಅಂತ ಯೋಚಿಸಿದಾಗ ನನ್ನದೇ ಅಭ್ಯಾಸ ಕಂಡಿತು. ನಾಝಲ್ ತಾನಾಗಿ ನಿಂತ ಮೇಲೂ ರೌಂಡ್ ಫಿಗರ್‌ಗೆ ಅಂತ ಇನ್ನಷ್ಟು ಹಾಕಿಸುತ್ತಿದ್ದೆ. ವರ್ಷಗಟ್ಟಲೆ ಹಾಗೆ ಮಾಡಿದೆ. ಆವಿಗೆಂದು ಇರುವ ದಾರಿಯಲ್ಲಿ ದ್ರವ ಪೆಟ್ರೋಲೇ ಹೋಗಿ ಕ್ಯಾನಿಸ್ಟರ್ ನೆನೆಯುತ್ತದೆ. ನೆನೆದ ಇದ್ದಿಲು ಹಾಳಾಗುತ್ತದೆ.

ರಿಪೇರಿ ಆದ ಮೇಲೆ ಅದೇ ಬಂಕ್‌ಗೆ ಹೋದೆ. 1,940 ರೂಪಾಯಿಗೆ ನಾಝಲ್ ಟಕ್ ಅಂತ ನಿಂತಿತು. "ಎರಡು ಸಾವಿರ ಮಾಡ್ಲಾ ಸಾರ್?" ಅಂದ ಹುಡುಗ. "ಬೇಡಪ್ಪ, ಅಲ್ಲಿಗೇ ನಿಲ್ಸು" ಅಂದೆ. ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸ್ಕ್ಯಾನರ್‌ನಲ್ಲಿ ಟ್ರಿಮ್ ಸೊನ್ನೆಯ ಆಸುಪಾಸು ಇತ್ತು.